ಮೂರು ಬೆಕ್ಕು, ಒಂದು ನಾಯಿ ಇರುವ ಮನೆಯಲ್ಲಿ ಒಂದು ಬೆಕ್ಕಿಗೆ ಮಾತ್ರ ಶುಗರ್: ಊಟ, ಇನ್ಸುಲಿನ್ ಹೇಗೆ ನಿಭಾಯಿಸುವುದು?

ನೀವು ಬರೆದ ಪ್ರಕಾರ ಮನೆ ಮಂಗಳೂರಿನಲ್ಲಿ, ಪ್ರಾಣಿಗಳೆಲ್ಲ ತಿನ್ನುವುದು ಕುಚ್ಚಲಕ್ಕಿ ಅನ್ನಕ್ಕೆ ಕಲಸಿದ ಬೂತಾಯಿ, ಡಾಕ್ಟರು ದಿನಕ್ಕೆರಡು ಸಲ ಒಂದೊಂದು ಯೂನಿಟ್ ಗ್ಲಾರ್ಜಿನ್ ಎಂಬ ಇನ್ಸುಲಿನ್ ಬರೆದಿದ್ದಾರೆ. ಸೂಜಿ ಚುಚ್ಚುವುದು ಬೇಗ ರೂಢಿಯಾಗುತ್ತದೆ, ಅದಕ್ಕೆ ಹೆದರಬೇಡಿ. ಇಂಥ ಮನೆಯಲ್ಲಿ ನಿಜವಾದ ತಲೆನೋವು ಅಂದರೆ ಯಾರು ಎಷ್ಟು ತಿಂದರು ಅಂತ ಗೊತ್ತಾಗದಿರುವುದು.

ಮೊದಲು ಅನ್ನ ಬಿಡಿಸಬೇಕು. ಆದರೆ ಡಾಕ್ಟರಿಗೆ ಹೇಳದೆ ಬಿಡಿಸಬೇಡಿ. ಅನ್ನದ ಪಿಷ್ಟ ನಿಂತ ಕೆಲವೇ ದಿನಗಳಲ್ಲಿ ಬೆಕ್ಕಿಗೆ ಬೇಕಾದ ಇನ್ಸುಲಿನ್ ತೀರಾ ಕಡಿಮೆಯಾಗಬಹುದು. ಹಳೇ ಡೋಸನ್ನೇ ಮುಂದುವರಿಸಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಆಹಾರ ಬದಲಿಸುವ ದಿನಗಳಲ್ಲಿ ಮನೆಯಲ್ಲೇ ಶುಗರ್ ನೋಡುತ್ತಿರಬೇಕು.

ಹಾಗಂತ ಬರೀ ಮೀನು ಹಾಕಿದರೂ ಸರಿಯಾಗುವುದಿಲ್ಲ. ಬೂತಾಯಿ, ಬಂಗುಡೆಯಂಥ ಎಣ್ಣೆ ಮೀನನ್ನೇ ದಿನವೂ ತಿಂದರೆ ವಿಟಮಿನ್ ಇ ಕೊರತೆಯಾಗುತ್ತದೆ. ಹಸಿ ಬೂತಾಯಿಯಲ್ಲಿ ಥಯಾಮಿನ್ ಹಾಳುಮಾಡುವ ಕಿಣ್ವ ಬೇರೆ ಉಂಟು, ಬೇಯಿಸಿದರೆ ಅದು ಹೋಗುತ್ತದೆ. ಮೇಲಿಂದ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಮೀನು ಸಿಗದ ದಿನ ಮತ್ತೆ ಅನ್ನ ಹಾಕಿದರೆ ಇನ್ಸುಲಿನ್ ಲೆಕ್ಕವೇ ಅಡಿಮೇಲಾಗುತ್ತದೆ. ಹಾಗಾಗಿ ಪೂರ್ಣಾಹಾರ ಎಂದು ಬರೆದಿರುವ ಒದ್ದೆ ಪೌಚ್ ಆಧಾರವಾಗಿರಲಿ, ಮೀನು ಮೇಲೆ ರುಚಿಗೆ ಮಾತ್ರ. ಪ್ಯಾಕೆಟ್‌ನಲ್ಲಿ ಕಾರ್ಬೋಹೈಡ್ರೇಟ್ ಬರೆದಿರುವುದಿಲ್ಲ, ನೀವೇ ತೆಗೆಯಬೇಕು: ಪ್ರೋಟೀನ್, ಕೊಬ್ಬು, ನಾರು, ಬೂದಿ (ಅಂದರೆ ಖನಿಜಾಂಶ), ತೇವಾಂಶ ಇವುಗಳ ಶೇಕಡ ಕೂಡಿಸಿ 100ರಿಂದ ಕಳೆಯಿರಿ. ಪ್ರೋಟೀನ್ 10, ಕೊಬ್ಬು 4, ನಾರು 1, ಬೂದಿ 2, ತೇವಾಂಶ 81 ಇದ್ದರೆ ಉಳಿಯುವುದು 2. ಈಗ ಕ್ಯಾಲೊರಿ ತಿಳಿಯಲು ಪ್ರೋಟೀನ್ ಮತ್ತು ಕಾರ್ಬ್ ಅನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ: 35, 7, 34. ಒಟ್ಟು 76 ಕ್ಯಾಲೊರಿಯಲ್ಲಿ ಕಾರ್ಬ್‌ನ ಪಾಲು ಸುಮಾರು 9 ಶೇಕಡ. 12ರ ಒಳಗಿದ್ದರೆ ಸಾಕು. ಒಣ ಕಾಳಿನ ಫುಡ್‌ನಲ್ಲಿ ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು ಇರುತ್ತದೆ, ‘ಡಯಾಬಿಟಿಕ್’ ಅಂತ ಬರೆದಿದ್ದರೂ ಲೆಕ್ಕ ಹಾಕಿಯೇ ಕೊಳ್ಳಿ.

ಉಳಿದೆರಡು ಬೆಕ್ಕುಗಳಿಗೆ ಕಿಡ್ನಿ ತೊಂದರೆ ಇಲ್ಲದಿದ್ದರೆ ಅವೂ ಇದನ್ನೇ ತಿನ್ನಲಿ. ಮನೆಯಲ್ಲಿ ಬೇರೆ ಆಹಾರವೇ ಇಲ್ಲದಿದ್ದರೆ ಕದ್ದು ತಿನ್ನುವ ಪ್ರಶ್ನೆಯೂ ಇಲ್ಲ. ಬೆಕ್ಕಿಗೆ ಹಾಕಿದ ಚಿಪ್ ಓದಿ ಬಾಗಿಲು ತೆರೆಯುವ ದುಬಾರಿ ಬಟ್ಟಲು ನಿಮಗೆ ಬೇಕಾಗಲಿಕ್ಕಿಲ್ಲ. ರೋಗಿಯನ್ನು ಮಾತ್ರ ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ತೂಗಿ ಎತ್ತಿಬಿಡಿ. ನಾಯಿಯ ಅನ್ನ ಹೊರಗೆ, ಬೆಕ್ಕುಗಳಿಗೆ ಸಿಗದ ಕಡೆ. ಇಷ್ಟೆಲ್ಲ ಮಾಡಿ ಬೆಕ್ಕನ್ನು ಹಿತ್ತಿಲಿಗೆ ಬಿಟ್ಟರೆ ಪಕ್ಕದ ಮನೆಯವರು ಪಾಪ ಅಂತ ಗಂಜಿ ಹಾಕುತ್ತಾರೆ. ಇನ್ನು ಮೇಲೆ ಅದು ಒಳಗೇ ಇರಬೇಕು ಮಾರಾಯ್ರೆ, ಎಷ್ಟು ಕೂಗಿದರೂ.

ಮೆಡಿಕಲ್‌ನಲ್ಲಿ ಸಿರಿಂಜ್ ಕೊಳ್ಳುವಾಗ ಎಚ್ಚರ. ನಮ್ಮಲ್ಲಿ ಯು-40 ಮತ್ತು ಯು-100 (ಮಿಲಿಗೆ 40 ಅಥವಾ 100 ಯೂನಿಟ್ ಇರುವ ಇನ್ಸುಲಿನ್‌ಗೆ) ಎರಡೂ ಸಿಗುತ್ತವೆ, ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು 40, ಕಿತ್ತಳೆ ಮುಚ್ಚಳದ್ದು 100. ಬಣ್ಣ ನಂಬಬೇಡಿ, ಕೊಳವೆಯ ಮೇಲಿನ ಅಕ್ಷರ ಓದಿ. ಯು-100 ಗ್ಲಾರ್ಜಿನ್ ಅನ್ನು ಯು-40 ಸಿರಿಂಜ್‌ನಲ್ಲಿ ಒಂದು ಯೂನಿಟ್ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ನಾಲ್ಕು ಕಿಲೋ ಬೆಕ್ಕಿಗೆ ಅದು ದೊಡ್ಡ ಪೆಟ್ಟು. ಅರ್ಧ ಯೂನಿಟ್ ಗೆರೆ ಇರುವ 0.3 ಮಿಲಿಯದ್ದು ಸಿಕ್ಕರೆ ಅದೇ ಒಳ್ಳೆಯದು.

ಊಟ ಮಾಡಿದ್ದು ಕಣ್ಣಾರೆ ಕಂಡ ಮೇಲೆ ಇಂಜೆಕ್ಷನ್. ಯಾರು ಕೊಟ್ಟರು, ಎಷ್ಟು ಗಂಟೆಗೆ ಅಂತ ಫ್ರಿಜ್ ಬಾಗಿಲಿನ ಹಾಳೆಯಲ್ಲಿ ತಕ್ಷಣ ಬರೆಯಿರಿ. ತುಂಬ ಜನ ಇರುವ ಮನೆಯಲ್ಲಿ ಅಮ್ಮ ಒಮ್ಮೆ, ಮಗ ಒಮ್ಮೆ ಕೊಟ್ಟುಬಿಡುವುದು ಸಾಮಾನ್ಯ. ಕೊಟ್ಟೆವೋ ಇಲ್ಲವೋ ಅನುಮಾನ ಬಂದರೆ ಕೊಡಬೇಡಿ. ಮದ್ದು ರೋಮದ ಮೇಲೆ ಚೆಲ್ಲಿದರೂ ಇನ್ನೊಮ್ಮೆ ಕೊಡಬೇಡಿ. ಒಂದು ಡೋಸ್ ತಪ್ಪಿದರೆ ಅಷ್ಟೇನೂ ಆಗುವುದಿಲ್ಲ, ಎರಡಾದರೆ ಜೀವಕ್ಕೇ ಅಪಾಯ.

ಗ್ಲೂಕೋಮೀಟರ್‌ಗೆ ಕಿವಿಯ ಅಂಚಿನಿಂದ ಒಂದು ಹನಿ ಸಾಕು. ಮೊದಲು ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಕಿವಿ ಬೆಚ್ಚಗೆ ಮಾಡಿ, ಇಲ್ಲದಿದ್ದರೆ ರಕ್ತ ಬರುವುದಿಲ್ಲ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ಆದರೂ ನಡೆಯುತ್ತದೆ, ಮೀಟರ್ ಬದಲಿಸುತ್ತಿರಬೇಡಿ. ಆರಂಭದ ವಾರಗಳಲ್ಲಿ ಇಂಜೆಕ್ಷನ್‌ಗೆ ಮೊದಲು 200ಕ್ಕಿಂತ ಕೆಳಗಿದ್ದರೆ ಡಾಕ್ಟರಿಗೆ ಫೋನ್ ಮಾಡದೆ ಕೊಡಬೇಡಿ. ಕೊಟ್ಟ ನಾಲ್ಕರಿಂದ ಎಂಟು ಗಂಟೆಯೊಳಗೆ ಶುಗರ್ ಅತಿ ಕೆಳಗೆ ಇಳಿಯುತ್ತದೆ, ಆಗ 80ರಿಂದ 150ರ ನಡುವೆ ಇದ್ದರೆ ಚೆನ್ನ. 60ಕ್ಕಿಂತ ಕೆಳಗೆ ಬಂದರೆ, ಅಥವಾ ಬೆಕ್ಕು ತೂರಾಡಿದರೆ, ಗ್ಲೂಕೋಸ್ ಪುಡಿ ಕಲಸಿದ ನೀರನ್ನೋ ಜೇನನ್ನೋ ಬೆರಳಲ್ಲಿ ವಸಡಿಗೆ ಉಜ್ಜಿ, ನುಂಗುವಂತಿದ್ದರೆ ಊಟ ಕೊಟ್ಟು ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದಾಗ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಊಟ ಬಿಟ್ಟು ವಾಂತಿ ಮಾಡುತ್ತಿದ್ದರೆ ಶುಗರ್ ಎಷ್ಟೇ ಇರಲಿ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರುವ ಅಪಾಯ; ಅದೇ ದಿನ ತೋರಿಸಿ.

ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಸುಕಾದರೆ ಬಿಸಾಡಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಫ್ರಿಜ್ ತೆರೆಯದಿದ್ದರೆ ಕೆಲವು ಗಂಟೆ ತಂಪು ಉಳಿಯುತ್ತದೆ. ಒದ್ದೆ ಮಡಕೆಯ ಉಪಾಯ ಒಣ ಹವೆಯ ಊರಿಗೆ ಸರಿ, ನಮ್ಮ ಕರಾವಳಿಯ ತೇವದಲ್ಲಿ ಅಷ್ಟು ತಂಪಾಗುವುದಿಲ್ಲ. ಐಸ್ ಪ್ಯಾಕ್ ಇಟ್ಟ ಡಬ್ಬ ಬಳಸಿ, ಆದರೆ ಬಾಟಲಿ ಐಸಿಗೆ ತಾಗದಿರಲಿ. ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗವಿಲ್ಲ.

ಯಾರು ಎಷ್ಟು ಮೂತ್ರ ಮಾಡಿದರು ಅಂತ ತಿಳಿಯಲು ವಾರಕ್ಕೊಂದು ರಾತ್ರಿ ರೋಗಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಲಿಟರ್ ಕೊಟ್ಟರಾಯಿತು. ತೂಕವನ್ನೂ ಆಗ ನೋಡಿಕೊಳ್ಳಿ.

ಅಜ್ಜನ ಶುಗರ್ ಮಾತ್ರೆಯನ್ನು ಬೆಕ್ಕಿಗೆ ತುಂಡು ಮಾಡಿ ಕೊಡುವ ಯೋಚನೆ ಬೇಡ. ಬೇಗ ಚಿಕಿತ್ಸೆ ಶುರುವಾಗಿ ಅನ್ನ ಬಿಟ್ಟ ಬೆಕ್ಕುಗಳಲ್ಲಿ ಕೆಲವಕ್ಕೆ ತಿಂಗಳುಗಳಲ್ಲಿ ಇನ್ಸುಲಿನ್ನೇ ಬೇಡವಾಗುತ್ತದೆ. ಆಗಲೂ ವಾರಕ್ಕೊಮ್ಮೆ ಶುಗರ್ ನೋಡಿ. ಮಳೆಗಾಲದ ತುರಿಕೆಗೆ ಯಾರಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲು ಹೊರಟರೆ, ಇದಕ್ಕೆ ಶುಗರ್ ಇತ್ತು ಅಂತ ಸಿರಿಂಜ್ ಎತ್ತುವ ಮೊದಲೇ ಹೇಳಿ. ಮೈಯಲ್ಲಿ ವಾರಗಟ್ಟಲೆ ಉಳಿಯುವ ಒಂದು ಡಿಪೋ ಡೋಸಿಗೆ ಕಾಯಿಲೆ ಮರಳಿ ಬರಬಹುದು.