ಎನ್‌ಡಿಎ ಪರೀಕ್ಷೆಗೆ ಇಂಗ್ಲಿಷ್ ಅಡ್ಡಿಯೇ?

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ದ್ವಿತೀಯ ಪಿಯುಸಿ ವಿಜ್ಞಾನ ವಿದ್ಯಾರ್ಥಿ. ಸೇನಾಧಿಕಾರಿಗಳಾಗಲಿರುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆ ಬರೆಯಲು ಇಂಗ್ಲಿಷ್ ಅಡ್ಡಿಯಾದೀತೇ?
– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಆತಂಕ ಸಹಜ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇಲ್ಲದಿರುವುದು ನಮ್ಮ ಭಾಗದ ಮಕ್ಕಳಿಗೆ ನಿಜಕ್ಕೂ ಹೊರೆಯೇ. ಆದರೆ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ ಇಂಗ್ಲಿಷಿಗೆ 200, ಗಣಿತಕ್ಕೆ 300 ಅಂಕಗಳಿವೆ. ಗಣಿತದ 120 ಪ್ರಶ್ನೆಗಳಿಗೆ ಎರಡೂವರೆ ಗಂಟೆಯಷ್ಟೇ ದೊರೆಯುವುದರಿಂದ, ಪಿಯುಸಿ ಪಠ್ಯದ ಲೆಕ್ಕಗಳನ್ನೇ ಗಡಿಯಾರ ಮುಂದಿಟ್ಟುಕೊಂಡು ಬಿಡಿಸುವ ಅಭ್ಯಾಸ ಮಾಡಿರಿ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗವನ್ನು ಕಳೆಯುತ್ತಾರೆ. ಊಹಿಸಿ ಗುರುತು ಹಾಕಬೇಡಿರಿ. ಇಂಗ್ಲಿಷ್ ಮಾತುಗಾರಿಕೆಯನ್ನು ಮಾತ್ರ ಇಂದೇ ಆರಂಭಿಸಿರಿ, ಏಕೆಂದರೆ ಲಿಖಿತ ಪರೀಕ್ಷೆಯ ನಂತರ ಸೇನಾ ಆಯ್ಕೆ ಮಂಡಳಿ (ಎಸ್‌ಎಸ್‌ಬಿ) ನಡೆಸುವ ಸಂದರ್ಶನಕ್ಕೂ 900 ಅಂಕಗಳಿದ್ದು, ಅಲ್ಲಿನ ಗುಂಪು ಚರ್ಚೆಯಲ್ಲಿ ಸುಮ್ಮನೆ ಕುಳಿತವರ ಸಾಮರ್ಥ್ಯ ಯಾರಿಗೂ ತಿಳಿಯದು. ಬೆಳಗಿನ ಓಟಕ್ಕೆ ನಿಮ್ಮೂರಿನ ತುಂಗಭದ್ರಾ ಎಡದಂಡೆ ಕಾಲುವೆಯ ದಾರಿಯೇ ಸಾಕು.