ಪ್ರತಿಕ್ರಿಯೆ: ಕೋಟೆ ಪಕ್ಕದ ಮಾಳಿಗೆ ಮನೆ ಕೆಡವಿ ಕಟ್ಟಬಹುದಾ?
ನಗರಸಭೆ ನಿಮ್ಮ ಅರ್ಜಿ ವಾಪಸ್ ಕಳಿಸಲು ಬಹುಶಃ ಚಿತ್ರದುರ್ಗದ ಕೋಟೆಯೇ ಕಾರಣ. ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ದಯವಿಟ್ಟು ಈಗಲೇ ಒಂದು ಗೋಡೆಯನ್ನೂ ಕೆಡವಬೇಡಿ. ನಿಷೇಧಿತ ವಲಯದಲ್ಲಿ ರಿಪೇರಿಗಷ್ಟೇ ಅವಕಾಶ. ಕೆಡವಿದರೆ ಅದೇ ಅಳತೆಯಲ್ಲೂ ಮತ್ತೆ ಕಟ್ಟಲು ಬಿಡುವುದಿಲ್ಲ.

ಮೊದಲು ದೂರ ಅಳೆಸಿ. ಕಣ್ಣಿಗೆ ಕಾಣುವ ಕೋಟೆ ಗೋಡೆಯಿಂದ ಅಲ್ಲ, ಗಡಿಯಿಂದ. ನಿಷೇಧಿತ ವಲಯದ ಒಳಗೇ ಬಂದರೆ, ಮನೆ 1992ರ ಜೂನ್ 16ಕ್ಕಿಂತ ಹಿಂದಿನದು ಅಂತ ತೋರಿಸುವ ಹಳೇ ಕಂದಾಯ ರಸೀದಿ, ಕ್ರಯಪತ್ರ ಹುಡುಕಿ. ಆಮೇಲೆ ಫೋಟೋ, ನಕ್ಷೆ ಸೇರಿಸಿ ಸಕ್ಷಮ ಪ್ರಾಧಿಕಾರಕ್ಕೆ (ಇಂಥ ಅರ್ಜಿಗಳಿಗೆ ಸರ್ಕಾರ ಗೊತ್ತುಮಾಡಿದ ಅಧಿಕಾರಿಗೆ) ಅರ್ಜಿ ಹಾಕಿ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸು ನೋಡಿ ಅನುಮತಿ ಕೊಡುವುದು ಈ ಸಕ್ಷಮ ಪ್ರಾಧಿಕಾರವೇ. ಸುಮ್ನೆ ‘ನವೀಕರಣ’ ಅಂತ ಬರೆಯಬೇಡಿ. ಗೆದ್ದಲು ಹಿಡಿದ ತೊಲೆ, ಸೋರುವ ಮಾಳಿಗೆ ಅಂತ ಬಿಡಿಸಿ ಬರೆಯಿರಿ. ನಿಯಂತ್ರಿತ ವಲಯದಲ್ಲಿದ್ದರೆ ಮರುನಿರ್ಮಾಣಕ್ಕೂ ಕೇಳಬಹುದು. ಆದರೂ ಮಾಳಿಗೆ ಗಟ್ಟಿಯಿದ್ದರೆ ಉಳಿಸಿಕೊಳ್ಳಿ, ಬೇಸಿಗೆಗೆ ಎಷ್ಟು ತಂಪು ಅಲ್ವಾ.