ಕಾಶ್ಮೀರಕ್ಕೆ ಬಾಡಿಗೆ ಸಿಕ್ಕಿದೆ, ಡೀಸೆಲ್ ಗಟ್ಟಿಯಾದ್ರೆ ಏನ್ ಮಾಡ್ಲಿ?

ಪ್ರಶ್ನೆ: ಸರ್, ನಂದು ಹನ್ನೆರಡು ಚಕ್ರದ ಬಿಎಸ್6 ಲಾರಿ. ಜನವರಿಲಿ ತೀರ್ಥಹಳ್ಳಿಯಿಂದ ದಿಲ್ಲಿಗೆ ಅಡಿಕೆ ಲೋಡು, ಅಲ್ಲಿಂದ ಶ್ರೀನಗರಕ್ಕೆ ಬಾಡಿಗೆ, ಬರ್ತಾ ಸೇಬು. ಆ ಕಡೆ ಡೀಸೆಲ್ಲೇ ಗಟ್ಟಿಯಾಗುತ್ತೆ, ಸ್ವಲ್ಪ ಸೀಮೆಎಣ್ಣೆ ಹಾಕ್ಕೋ ಅಂತಾರೆ. ಹಾಕಬಹುದಾ? ಇಲ್ಲಿಂದ ಏನೇನು ಮಾಡಿಸ್ಕೊಂಡು ಹೊರಡ್ಲಿ?

ಉತ್ತರ: ಸೀಮೆಎಣ್ಣೆ ಬೇಡ. ಹಳೇ ಗಾಡೀಲಿ ನಡೀತಿತ್ತು, ನಿಮ್ಮದು ಬಿಎಸ್6, ಅಂದ್ರೆ ಹೊಗೆ ಮಿತಿಯ ಹೊಸ ನಿಯಮದ ಗಾಡಿ, ಅದಕ್ಕೆ ಬೇಕಿರೋ ಡೀಸೆಲಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ) ದಾಟಬಾರ್ದು, ಸೀಮೆಎಣ್ಣೇಲಿ ಅದು ಎಷ್ಟೋ ಪಟ್ಟು ಜಾಸ್ತಿ, ಸೈಲೆನ್ಸರ್ ಕಡೆ ಹೊಗೆ ಶುದ್ಧ ಮಾಡೋ ಕ್ಯಾಟಲಿಸ್ಟ್ ಕೆಡುತ್ತೆ, ಹೈ ಪ್ರೆಷರ್ ಪಂಪಿಗೆ ಜಿಡ್ಡು ಸಾಲದೆ ಸವೆಯುತ್ತೆ. ಸಿಕ್ಕಿಬಿದ್ರೆ ಕಲಬೆರಕೆ ಕೇಸು ಬೇರೆ.

ಗಟ್ಟಿಯಾಗೋದು ಮಾತ್ರ ನಿಜ. ಡಿಸೆಂಬರ್ ಬೆಳಿಗ್ಗೆ ಬಚ್ಚಲುಮನೇಲಿ ಕೊಬ್ಬರಿ ಎಣ್ಣೆ ಬಾಟ್ಲಿ ಹೆಂಗೆ ಹೆಪ್ಪುಗಟ್ಟಿರುತ್ತೋ ಹಂಗೇ ಡೀಸೆಲಲ್ಲಿರೋ ಮೇಣ ಹರಳಾಗಿ ಫಿಲ್ಟರ್ ಕಟ್ಕೊಳುತ್ತೆ, ಟ್ಯಾಂಕ್ ತುಂಬಾ ಎಣ್ಣೆ ಇದ್ರೂ ಎಂಜಿನಿಗೆ ಹೋಗಲ್ಲ. ನಮ್ಮ ದೇಶದ ಮಾಮೂಲಿ ಡೀಸೆಲ್ ಬೇಸಿಗೇಲಿ 18 ಡಿಗ್ರಿ, ಚಳಿಗಾಲದಲ್ಲಿ 6 ಡಿಗ್ರಿವರೆಗೆ ಫಿಲ್ಟರ್ ದಾಟಿದ್ರೆ ಪಾಸು, ಅದಕ್ಕಿಂತ ಕೆಳಗೆ ಗ್ಯಾರಂಟಿ ಇಲ್ಲ. ಶ್ರೀನಗರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನದ ಕಡು ಚಳಿಗೆ ಚಿಲ್ಲೈ ಕಲಾನ್ ಅಂತಾರೆ, ನೀವು ಹೋಗೋದು ಸರಿಯಾಗಿ ಆವಾಗ್ಲೇ, ರಾತ್ರಿ ಸೊನ್ನೆಗಿಂತ ಕೆಳಗೇ.

ಹಂಗಾಗಿ ಲೀಟರಿಗೆ ನಾಲ್ಕು ಕಾಸು ಉಳಿಯುತ್ತೆ ಅಂತ ದಿಲ್ಲಿ, ಪಂಜಾಬ್ ಕಡೆ ಬಯಲಲ್ಲಿ ಫುಲ್ ಟ್ಯಾಂಕ್ ಮಾಡ್ಕೊಂಡು ಘಾಟಿ ಹತ್ತಬೇಡಿ. ಜಮ್ಮು ತಲುಪೋ ಹೊತ್ತಿಗೆ ಟ್ಯಾಂಕ್ ಇಳಿದಿರ್ಲಿ, ಆಮೇಲೆ ಚಳಿಗೆ ತಡೆಯೋ ಡೀಸೆಲ್ ಇದೆಯಾ ಅಂತ ಪಂಪಲ್ಲಿ ಕೇಳಿ ತುಂಬ್ಸಿ, ತುಂಬ್ಸಿದ ಕೂಡ್ಲೇ ಗಾಡಿ ನಿಲ್ಲಿಸ್ಬೇಡಿ, ಹತ್ತು ಹದಿನೈದು ಕಿಲೋಮೀಟರ್ ಓಡಿಸಿದ್ರೇನೇ ಹೊಸ ಎಣ್ಣೆ ಫಿಲ್ಟರ್ ತನಕ ಬರೋದು. ಲಡಾಖಿಗೆ ಅಂತಾನೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿ ತಡೆಯೋ ಡೀಸೆಲ್ ತಂದಿದೆ, ನಿಮಗೆ ಅಷ್ಟು ಬೇಕಾಗಲ್ಲ. ಮೇಣ ಕಟ್ಟದಂತೆ ಹಾಕೋ ಆಡಿಟಿವ್ ತಗೊಂಡ್ರೆ ಚಳಿ ಶುರುವಾಗೋಕ್ ಮುಂಚೆ ಹಾಕಿ, ಕಟ್ಟಿದ ಮೇಲೆ ಸುರಿದ್ರೆ ದಂಡ. ಟ್ಯಾಂಕ್ ಕೆಳಗೆ ಬೆಂಕಿ ಹಚ್ಚೋ ಶೂರರೂ ಇದಾರೆ, ಅವರ ಹತ್ರ ಗಾಡಿ ನಿಲ್ಲಿಸ್ಬೇಡಿ!

ಶಿವಮೊಗ್ಗ ಆಟೋ ಕಾಂಪ್ಲೆಕ್ಸಲ್ಲಿ ಮಾಡಿಸ್ಕೊಳೋದು ಅಂದ್ರೆ ಮೊದ್ಲು ರೇಡಿಯೇಟರ್. ನಮ್ಮಲ್ಲಿ ಇಳಿದಷ್ಟು ಬಾವಿನೀರು ಹಾಕ್ತಾ ಹೋಗೋದು ರೂಢಿ, ಕೂಲಂಟ್ ತೆಳ್ಳಗಾಗಿ ಬರೀ ನೀರೇ ಉಳಿದಿರುತ್ತೆ, ಅದು ಹೆಪ್ಪುಗಟ್ಟಿ ಹಿಗ್ಗಿದ್ರೆ ಎಂಜಿನ್ ಬ್ಲಾಕೇ ಸೀಳುತ್ತೆ. ಪೂರ್ತಿ ಖಾಲಿ ಮಾಡ್ಸಿ ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಹಾಕ್ಸಿ, ಸುಮಾರು ಮೈನಸ್ 37ರವರೆಗೆ ತಡೆಯುತ್ತೆ. ಜಾಸ್ತಿ ಇದ್ರೆ ಒಳ್ಳೇದು ಅಂತ ಬರೀ ಕೂಲಂಟ್ ಹಾಕಿದ್ರೆ ಉಲ್ಟಾ, ಮೈನಸ್ 13ರ ಆಸುಪಾಸಲ್ಲೇ ಗಟ್ಟಿ.

ಡೀಸೆಲ್ ಫಿಲ್ಟರ್ ಹೊಸದು ಹಾಕ್ಸಿ, ಇನ್ನೊಂದು ಜೊತೇಲಿ ಇರ್ಲಿ. ನಮ್ಮ ಮಳೆಗಾಲ ಕಳೆದ ಗಾಡಿ ಅಂದ್ರೆ ವಾಟರ್ ಸೆಪರೇಟರಲ್ಲಿ ನೀರು ಗ್ಯಾರಂಟಿ, ಚಳಿಗೆ ತಡೆಯೋ ಡೀಸೆಲ್ ಹಾಕಿದ್ರೂ ಆ ನೀರು ಹೆಪ್ಪುಗಟ್ಟಿ ಪೈಪ್ ಕಟ್ಟುತ್ತೆ, ಬಿಚ್ಚಿ ನೀರು ಹೊರಗೆ ಬಿಡಿ. ಬ್ರೇಕಿಗೆ ಗಾಳಿ ಕೊಡೋ ಏರ್ ಟ್ಯಾಂಕಿನ ನೀರೂ ದಿನಾ ಬಿಡಬೇಕು, ಅದು ಹೆಪ್ಪುಗಟ್ಟಿದ್ರೆ ಬ್ರೇಕಿಗೇ ತೊಂದ್ರೆ.

ಬ್ಯಾಟರಿ: ತೀರ್ಥಹಳ್ಳಿ ಚಳೀಲೇ ಬೆಳಿಗ್ಗೆ ಮೂರು ನಾಲ್ಕು ಸಲ ಸೆಲ್ಫ್ ಹೊಡೀಬೇಕು ಅಂದ್ರೆ ಅದು ಡೀಸೆಲ್ ತೊಂದ್ರೆ ಅಲ್ಲ, ಇಲ್ಲಿ ಅಷ್ಟು ಚಳಿ ಎಲ್ಲಿದೆ. ಬ್ಯಾಟರಿ ಲೋಡ್ ಟೆಸ್ಟ್ ಮಾಡ್ಸಿ, ಸೊನ್ನೆ ಕೆಳಗೆ ಅದರ ಶಕ್ತಿ ಇನ್ನೂ ಇಳಿಯುತ್ತೆ.

ಯೂರಿಯಾ, ಅಂದ್ರೆ ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ಹಾಕೋ ಡಿಇಎಫ್, ಮೈನಸ್ 11ಕ್ಕೆ ಗಟ್ಟಿಯಾಗುತ್ತೆ. ಗಾಬರಿ ಬೇಡ, ಎಂಜಿನ್ ಬಿಸಿಯಾದ್ರೆ ಕರಗುತ್ತೆ. ಕಂಠಪೂರ್ತಿ ಮಾತ್ರ ತುಂಬ್ಸಬೇಡಿ, ನೀರೂ ಬೆರೆಸ್ಬೇಡಿ.

ಇನ್ನು ರಾತ್ರಿ ಕ್ಯಾಬಿನಲ್ಲಿ ಮಲಗೋವಾಗ ಕೆಂಡದ ಬಾಂಡ್ಲಿ ಒಳಗಿಟ್ಕೊಂಡು ಗಾಜು ಏರಿಸ್ಕೊಳೋ ಅಭ್ಯಾಸ ಆ ಕಡೆ ನೋಡ್ತೀರಿ. ಕೆಂಡದಿಂದ ಬರೋ ವಿಷಗಾಳಿ, ಕಾರ್ಬನ್ ಮಾನಾಕ್ಸೈಡಿಗೆ, ವಾಸನೆ ಇರಲ್ಲ, ನಿದ್ದೇಲೇ ಜೀವ ಹೋಗುತ್ತೆ. ಎರಡು ಕಂಬಳಿ ಜಾಸ್ತಿ ಹಾಕ್ಕೊಳಿ, ಕ್ಲೀನರ್ ಹುಡುಗನಿಗೂ ಒಂದು.